ತಾರಸಿಯ ಹದ್ದು

ನಮ್ಮ ಮನೆಯವರ ಕೆಲಸ ಆಕಾಶ ನೋಡುವುದು. ಹೇಳಿದರೆ ಜನ ನಗುತ್ತಾರೆ. ಅದಕ್ಕೂ ಸಂಬಳ ಬರುತ್ತಿತ್ತು.

ಜ್ವಾಲಾಮುಖಿ ಉಗುಳಿದ ಹೊಗೆ ಮಳೆಮೋಡಕ್ಕಿಂತ ಎಷ್ಟೋ ಮೇಲೆ ಹೋಗಿ ನಿಲ್ಲುತ್ತದಂತೆ. ಅಲ್ಲಿ ಮಳೆಯಿಲ್ಲ, ಹಾಗಾಗಿ ಬೇಗ ಇಳಿಯುವುದಿಲ್ಲ. ಬಿಸಿಲನ್ನು ಮಂಕು ಮಾಡಿಕೊಂಡು ವರ್ಷಗಟ್ಟಲೆ ತೇಲುತ್ತದೆ. ಅದೆಷ್ಟಿದೆ ಎಂದು ಉಪಗ್ರಹ ಅಳೆಯುತ್ತದೆ. ಅದು ಹೇಳಿದ್ದು ಸರಿಯೋ ತಪ್ಪೋ ತಿಳಿಯಲು, ಅದು ತಲೆಯ ಮೇಲೆ ಹಾಯುವ ಹೊತ್ತಿಗೆ ನಮ್ಮ ಸಂಶೋಧನಾ ಕೇಂದ್ರದವರು ತಾರಸಿಯಿಂದ ಹಸಿರು ಲೇಸರ್ ಬೆಳಕನ್ನು ಮೇಲಕ್ಕೆ ಬಿಡುತ್ತಾರೆ. ಆ ಹೊಗೆಯ ಧೂಳಿಗೆ ತಾಗಿ ಮರಳಿದ ಬೆಳಕನ್ನು ಯಂತ್ರ ಲೆಕ್ಕ ಹಾಕುತ್ತದೆ. ಆ ಬೆಳಕು ವಿಮಾನ ನಡೆಸುವವನ ಕಣ್ಣಿಗೆ ಬಿದ್ದರೆ ಅನಾಹುತ. ಅದಕ್ಕೇ ಒಬ್ಬರು ಸ್ವಿಚ್ ಹಿಡಿದು ಹೊರಗೆ ನಿಂತಿರಬೇಕು. ವಿಮಾನ ಕಂಡರೆ ಒತ್ತಬೇಕು, ಬೆಳಕು ಆರುತ್ತದೆ. ಆ ಒಬ್ಬರೇ ನಮ್ಮವರು. ಕೇಂದ್ರದಲ್ಲಿ ಅವರನ್ನು ಹದ್ದು ಎಂದೇ ಕರೆಯುತ್ತಿದ್ದರು.

ಮಾತು ಒರಟು. ನನ್ನನ್ನು ಒಂದು ದಿನವೂ ಹೊಗಳಿದವರಲ್ಲ. ರಸ್ತೆಯಲ್ಲೂ ತಲೆ ಮೇಲೆತ್ತಿಯೇ ನಡೆದು, ಡಿಕ್ಕಿ ಹೊಡೆದ ಸೈಕಲ್ಲಿನವನಿಗೇ ಬೈಯುತ್ತಿದ್ದರು.

ಆಮೇಲೆ ಕಣ್ಣು ಹೋಗತೊಡಗಿತು. ನರ ಒಣಗಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಯಾರ ಮುಂದಾದರೂ ಬಾಯಿಬಿಟ್ಟರೆ ಹುಷಾರ್ ಎಂದರು ಇವರು. ಕೆಲಸ ಹೋದರೆ ತಾನು ಇದ್ದೂ ಸತ್ತಂತೆ ಎಂದರು. ನಾನು ಅದೇ ಕೇಂದ್ರದಲ್ಲಿ ಕಸ ಗುಡಿಸುವವಳು. ಸಂಜೆಯಾದರೆ ಪೊರಕೆ ಹಿಡಿದು ತಾರಸಿ ಹತ್ತುತ್ತಿದ್ದೆ. ವಿಮಾನ ಕಂಡರೆ ಕೆಮ್ಮುತ್ತಿದ್ದೆ. ಅವರು ಒತ್ತುತ್ತಿದ್ದರು. ಒಂದೂ ತಪ್ಪಲಿಲ್ಲ.

ಎಲ್ಲೋ ದೊಡ್ಡ ಜ್ವಾಲಾಮುಖಿ ಸಿಡಿದಿತ್ತು. ವಾರಗಟ್ಟಲೆ ಇಲ್ಲಿ ಮೋಡ, ಅಳತೆಯೇ ಆಗಿರಲಿಲ್ಲ. ಒಂದು ಸಂಜೆ ಆಕಾಶ ತಿಳಿಯಾಯಿತು, ಉಪಗ್ರಹವೂ ಬರುವುದಿತ್ತು. ಕಂಪ್ಯೂಟರ್ ಮುಂದೆ ಕೂರುವ ಕನ್ನಡಕದವನು ಟೀ ಚೆಲ್ಲಿದೆ ಎಂದು ನನ್ನನ್ನು ಕೆಳಗೆ ಕಳಿಸಿದ. ಟೀ ಅವನೇ ಚೆಲ್ಲಿದ್ದು.

ನಾನು ನೆಲ ಒರೆಸಿ ಬರುವಷ್ಟರಲ್ಲಿ ಅವನೂ ಅವನ ಗೆಳೆಯನೂ ಇವರ ಪಕ್ಕ ನಿಂತಿದ್ದರು.

“ಹದ್ದಣ್ಣ, ಅಗೋ ವಿಮಾನ. ಕಾಣಲ್ವಾ?”

“ನೀನು ಬೊಗಳೋಕೆ ಮುಂಚೇನೇ ಕಂಡಿದೆ,” ಎಂದು ಇವರು ಒತ್ತಿಬಿಟ್ಟರು.

ಆಕಾಶದಲ್ಲಿ ಒಂದು ಕಾಗೆಯೂ ಇರಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆರಿದ ಯಂತ್ರ ಮತ್ತೆ ಬಿಸಿಯಾಗಿ ಬೆಳಕು ಬಿಡುವಷ್ಟರಲ್ಲಿ ಉಪಗ್ರಹ ದಾಟಿ ಹೋಗಿತ್ತು. ಮುಖ್ಯಸ್ಥರು ಮೇಲೆ ಬಂದದ್ದೇ ನಕ್ಕವರ ಮುಖ ಗಂಭೀರವಾಯಿತು. ಇವನಿಗೆ ಕಣ್ಣೇ ಕಾಣಲ್ಲ, ಇಷ್ಟು ದಿನ ನೋಡುತ್ತಿದ್ದುದು ಹೆಂಡತಿ ಎಂದು ಚಾಡಿ ಹೇಳಿದರು. ತಮ್ಮ ತಮಾಷೆಯ ಮಾತು ಎತ್ತಲಿಲ್ಲ. ಎತ್ತಲು ಹೋದ ನನ್ನನ್ನು ಮುಖ್ಯಸ್ಥರು ಕೈಯೆತ್ತಿ ತಡೆದರು.

“ಕುರುಡನ್ನ ಆಕಾಶ ಕಾಯೋಕೆ ಇಟ್ಕೊಂಡಿದ್ವಲ್ಲ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನಿನಗೆ ಕಾಣುತ್ತಲ್ಲ? ನಾಳೆಯಿಂದ ನೀನೇ ನಿಂತ್ಕೋ.”

ನಾನು ಆಯ್ತು ಸಾರ್ ಎಂದೆ. ಸ್ವಿಚ್ಚನ್ನು ಇವರ ಮುಷ್ಟಿಯಿಂದ ನಾನೇ ಬಿಡಿಸಿಕೊಳ್ಳಬೇಕಾಯಿತು.

ಮನೆಗೆ ಬಂದ ಮೇಲೆ ಕೇಳಿದರು: “ನನ್ನೆದುರೇ ಆಯ್ತು ಅಂದ್ಯಲ್ಲೇ, ನಾಲಿಗೆ ಹೇಗೆ ಬಂತು?”

“ಇಬ್ರೂ ಮನೇಲಿ ಕೂತ್ರೆ ಒಲೆ ಹಚ್ಚೋರ್ಯಾರು?” ಎಂದೆ.

ಅಂದಿನಿಂದ ನನ್ನೊಡನೆ ಮಾತು ಬಿಟ್ಟರು. ನಾನು ಬಡಿಸಿದ ತಟ್ಟೆಯನ್ನು ಗೋಡೆಗೆ ಸರಿಸುತ್ತಿದ್ದರು, ನಾನು ಹೊರಗೆ ಹೋದ ಮೇಲೆ ಉಣ್ಣುತ್ತಿದ್ದರು. ನಾನು ಕೆಲಸಕ್ಕೆ ಹೊರಟಾಗ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಪಕ್ಕದ ಮನೆಯವಳ ಹತ್ತಿರ, ನನ್ನ ಹೆಂಡತಿ ನನ್ನನ್ನು ತಿಂದು ದಪ್ಪಗಾಗಿದ್ದಾಳೆ ಎಂದರಂತೆ.

ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ನಾನು ಸ್ವಿಚ್ ಹಿಡಿದು ತಾರಸಿಯಲ್ಲಿ ನಿಂತಿದ್ದೆ, ಬೆಳಕು ಹತ್ತಿತ್ತು. ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿತು. ಆ ನಡಿಗೆ ನನಗೆ ಗೊತ್ತು. ಒಬ್ಬರೇ ತಡಕಾಡಿಕೊಂಡು ಅಷ್ಟು ದೂರ ಬಂದಿದ್ದರು, ತಮ್ಮ ಜಾಗಕ್ಕೆ.

“ಕೊಡೇ ಇಲ್ಲಿ ಸ್ವಿಚ್ಚು,” ಎಂದರು. ಎಷ್ಟೋ ತಿಂಗಳ ಮೇಲೆ ಆಡಿದ ಮಾತು.

“ಅಲ್ಲೇ ನಿಂತ್ಕೊಳ್ರಿ,” ಎಂದೆ, ಮೇಲೆತ್ತಿದ ತಲೆ ಇಳಿಸದೆ.

ಅವರು ನಿಲ್ಲಲಿಲ್ಲ. ಮೆಟ್ಟಿಲಿಂದ ಕೆಳಗೆ ಬಿದ್ದ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಬೆಳಕು ಹತ್ತಿರುವಾಗ ಏನೇ ಆದರೂ ಕಣ್ಣು ಕೆಳಗಿಳಿಸಬಾರದು. ಅದನ್ನು ಕಲಿಸಿದ್ದು ಅವರೇ. ಉಪಗ್ರಹ ದಾಟಿ, ಬೆಳಕು ಆರಿದ ಮೇಲೆ ಇಳಿದೆ.

ಮುಖ್ಯಸ್ಥರು ಮನೆಗೆ ಬಂದು ಸಂತಾಪ ಹೇಳಿದರು. ಆ ಸಂಜೆಯ ನಮ್ಮ ಅಳತೆಯೂ ಉಪಗ್ರಹದ ಅಳತೆಯೂ ಚೆನ್ನಾಗಿ ಹೊಂದಿವೆ ಎಂದರು. ಕೆಲಸಕ್ಕೆ ಯಾವಾಗ ಬರುತ್ತೀಯ ಎಂದರು. ನಾಳೆ ಎಂದೆ.