ಹೊರಗೆ ಬಿಟ್ಟ ಬೂಟು

ನನ್ನ ಷಡ್ಡಕನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಹೆಂಡತಿಯ ಅಕ್ಕನ ಗಂಡ, ಮೈಸೂರಿನವ, ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಕ್ಯಾನರಿ ವಾರ್ಫ್‌ನ ಆಫೀಸೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಆತನ ಪ್ರಕಾರ ಅದು ಕೆಲಸವೇ ಅಲ್ಲ.

ಜಗಳ ಹೊತ್ತಿಕೊಂಡಿದ್ದು ಕಾರ್ಪೆಟ್ಟಿನಿಂದ. ತೊಂಬತ್ತರ ದಶಕದ ಕೊನೆಯಲ್ಲಿ ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜ್‌ನಲ್ಲಿ ಮನೆ ತೆಗೆದುಕೊಂಡು, ಕೆನೆ ಬಣ್ಣದ ಹೊಸ ಕಾರ್ಪೆಟ್ಟು ಹಾಸಿಸಿ, ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದೆವು. ಬಂದವರೆಲ್ಲ ಬಾಗಿಲಲ್ಲೇ ಚಪ್ಪಲಿ ಬಿಟ್ಟಿದ್ದರು. ಈ ಮಹಾರಾಯ ಮಾತ್ರ ಮಳೆಯಲ್ಲಿ ನೆನೆದ ಬೂಟಿನಲ್ಲೇ ದೇವರ ಮಂಟಪದವರೆಗೂ ನಡೆದುಬಂದ. ಬೂಟು ಹೊರಗೆ ಬಿಟ್ಟು ಬನ್ನಿ ಎಂದು ನಾನು ಎಲ್ಲರೆದುರಿಗೇ ಹೇಳಿಬಿಟ್ಟೆ. "ಲಂಡನ್ನಿಗೆ ಬಂದ್ರೂ ನೀವಿನ್ನೂ ಬಸವನಗುಡೀಲೇ ಇದ್ದೀರಲ್ರೀ," ಎಂದು ಆತ ನಕ್ಕು, ಪ್ರಸಾದವನ್ನೂ ಮುಟ್ಟದೆ ಹೊರಟುಹೋದ. ಆಮೇಲೆ ಎರಡು ವರ್ಷ ಮಾತಿಲ್ಲ, ಹೋಗಿಬರುವುದಿಲ್ಲ. ಅಕ್ಕತಂಗಿಯರು ಸೌತ್‌ಹಾಲ್‌ನ ತರಕಾರಿ ಅಂಗಡಿಯಲ್ಲಿ ಕದ್ದು ಭೇಟಿಯಾಗುವಂತಾಯಿತು.

ಕೊನೆಗೆ ಅವರಿಬ್ಬರೇ ಒಂದು ಉಪಾಯ ಹೂಡಿದರು. ಆತನಿಗೆ ಬೆಟ್ಟದ ಹುಚ್ಚು. ಪ್ರತಿ ಚಳಿಗಾಲ ಸ್ಕಾಟ್ಲೆಂಡಿಗೆ ಹೋಗಿ ಹಿಮದಲ್ಲಿ ನಡೆಯುತ್ತಿದ್ದ. ಈ ಸಲ ಜೊತೆಗೆ ನಾನೂ ಹೋಗಬೇಕು! "ಇಬ್ರೇ ಹೋಗಿ, ಮಾತಾಡ್ಕೊಂಡು ಬನ್ನಿ. ನಂಗಿರೋದು ಒಬ್ಬಳೇ ಅಕ್ಕ," ಎಂದಳು ಹೆಂಡತಿ. ಅಳಲಿಲ್ಲ, ಅಷ್ಟೇ. ನಾನು ಒಪ್ಪಿಕೊಂಡೆ.

ಸ್ನೋಶೂ ಎಂದರೆ ಬೂಟಿನಡಿಗೆ ಪಟ್ಟಿಯಿಂದ ಬಿಗಿದುಕೊಳ್ಳುವ ಅಗಲವಾದ ಹಲಗೆಯಂಥದ್ದು. ಕಾಲು ಹಿಮದಲ್ಲಿ ಹೂತುಹೋಗದಿರಲಿ ಎಂದು. ಅದನ್ನು ಕಟ್ಟಿಕೊಂಡರೆ ಕಾಲಗಲಿಸಿಯೇ ನಡೆಯಬೇಕು. ಬೆಳಿಗ್ಗೆಯಿಂದ ಆತ ಮುಂದೆ, ನಾನು ಹಿಂದೆ. ಎರಡು ಸಲ ನನ್ನ ಕಾಲು ನಾನೇ ತುಳಿದುಕೊಂಡು ಮುಗ್ಗರಿಸಿದೆ. "ಏಳಿ ಸ್ವಾಮಿ, ಇಲ್ಲಿ ಲಿಫ್ಟ್ ಇಲ್ಲ," ಎಂದ, ಹಿಂದಿರುಗಿ ನೋಡದೆ. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಗಾಳಿ ಕೆನ್ನೆಗೆ ಹೊಡೆಯುತ್ತಿತ್ತು. ಎರಡು ಗಂಟೆ ಹೊತ್ತು ನಾವು ಮಾತಾಡಿದ್ದು ಅಷ್ಟೇ.

ದಾರಿಯ ಮೇಲ್ತುದಿಯಲ್ಲಿ ನಡೆಯುವವರಿಗೆಂದೇ ಇರುವ ಒಂದು ಕಲ್ಲಿನ ಗುಡಿಸಲಿತ್ತು. ಒಲೆಯಿಲ್ಲ, ಬರೀ ಹಲಗೆಯ ನೆಲ. ಒಳಗೆ ಹೋದವನೇ ಬೂಟು ಬಿಚ್ಚಿ, ಹೆಂಡತಿ ಕೊಟ್ಟಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೂಲೆಯಲ್ಲಿಟ್ಟೆ. ನೆಲಕ್ಕೆ ಹಾಳೆ ಹಾಸಿ ಪುಳಿಯೋಗರೆ ಡಬ್ಬಿ ತೆಗೆದೆ. ಆತ ಹಿಮ ಮೆತ್ತಿದ ಬೂಟಿನಲ್ಲಿ ನೆಟ್ಟಗೆ ಆ ಹಾಳೆಯ ಮೇಲೆ ಬಂದು ನಿಂತ.

"ಬೂಟು ಬಿಚ್ಚಿ," ಎಂದೆ.

"ಇದೂ ನಿಮ್ಮ ಕಾರ್ಪೆಟ್ಟಾ?"

"ಊಟ ಮಾಡೋ ಜಾಗ ಇದು."

ಆತ ಬಿಚ್ಚಿದ. "ಬಾಗಿಲ ಹತ್ರ ಇಟ್ರೆ ಸಾಕಾ?"

"ನಮ್ಮನೇಲಿ ಹೊರಗೇ ಬಿಡೋದು," ಎಂದೆ.

ಆತ ನನ್ನ ಮುಖವನ್ನೇ ನೋಡಿದ. ಬೆಟ್ಟ ಬಲ್ಲವನು. ಏನಾಗುತ್ತದೆಂದು ಆತನಿಗೆ ಗೊತ್ತಿತ್ತು ಎಂದೇ ಈಗಲೂ ನನ್ನ ಅನುಮಾನ. ಬಾಗಿಲು ತೆಗೆದು ಬೂಟುಗಳನ್ನು ಹೊರಗಿಟ್ಟು ಬಂದು ಎದುರಿಗೆ ಕೂತ. ನನ್ನ ಚೀಲದಲ್ಲಿ ಇನ್ನೊಂದು ಕವರಿತ್ತು. ನಾನು ತೆಗೆಯಲಿಲ್ಲ.

ಅಷ್ಟರಲ್ಲಿ ಹಿಮಗಾಳಿ ಎದ್ದು ಒಂದೂವರೆ ಗಂಟೆ ನಮ್ಮನ್ನು ಅಲ್ಲೇ ಕೂರಿಸಿತು. ಬೂಟು ಒಳಗೆ ತರಲು ಆತ ಏಳಲಿಲ್ಲ, ತನ್ನಿ ಎಂದು ನಾನೂ ಹೇಳಲಿಲ್ಲ. ಗಾಳಿ ನಿಂತ ಮೇಲೆ ನೋಡಿದರೆ ಆತನ ಬೂಟುಗಳ ತುಂಬ ಹಿಮ. ಒಳಗಿನ ಬೆವರು ಕೂಡ ಹೆಪ್ಪುಗಟ್ಟಿ ಕಲ್ಲಾಗಿತ್ತು. ನೆಲಕ್ಕೆ ಕುಟ್ಟಿದ, ಉಸಿರೂದಿದ, ಕೊನೆಗೆ ಹಲ್ಲು ಕಚ್ಚಿ ಕಾಲು ತುರುಕಿದ. ಬೂಟಿನ ಲೇಸು ಕಟ್ಟಲಾಗಲಿಲ್ಲ. ಸ್ನೋಶೂ ಪಟ್ಟಿಯನ್ನು ನಾನೇ ಬಗ್ಗಿ ಬಿಗಿದೆ. ಇಳಿಯುವಾಗ ನಾನು ಮುಂದೆ, ಆತ ನನ್ನ ಹೆಜ್ಜೆಯಲ್ಲಿ. ಒಂದು ಗಂಟೆಯ ಮೇಲೆ, "ಎಡಗಾಲು ಈಗ ನೋಯ್ತಿಲ್ಲ," ಎಂದ. ನಾನು ಪೆದ್ದನಂತೆ, "ಒಳ್ಳೇದಾಯ್ತಲ್ಲ," ಎಂದೆ.

"ಅದು ಒಳ್ಳೇದಲ್ಲ ಕಣ್ರೀ," ಎಂದ ಡಾಕ್ಟರು.

ಕಾರು ತಲುಪಿ ಕಾಲುಚೀಲ ಬಿಚ್ಚಿದಾಗ ಎಡಗಾಲಿನ ಎರಡು ಬೆರಳು ಮೇಣದ ಹಾಗೆ ಬಿಳಿಚಿಕೊಂಡಿದ್ದವು. ಯಾರದೋ ಕಾಲು ಪರೀಕ್ಷೆ ಮಾಡುವವನಂತೆ ಒತ್ತಿ ನೋಡಿ, "ಇವೆರಡು ಉಳಿಯಲ್ಲ," ಎಂದ. ಅಲ್ಲಿನ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಉಳಿಯಲಿಲ್ಲ. ಕೆಲವು ವಾರಗಳಾದ ಮೇಲೆ ಲಂಡನ್ನಿನಲ್ಲಿ ಕತ್ತರಿಸಿದರು.

ಸ್ಕಾಟ್ಲೆಂಡಿನಿಂದ ಮನೆಗೆ ಬಂದ ದಿನ ಹೆಂಡತಿ ನನ್ನ ಚೀಲ ಖಾಲಿ ಮಾಡುತ್ತಿದ್ದಳು. ತಳದಲ್ಲಿ ಮಡಿಸಿಟ್ಟ ಕವರು ಸಿಕ್ಕಿತು. "ಭಾವಂಗೂ ಇರ್ಲಿ ಅಂತ ಎರಡು ಇಟ್ಟಿದ್ನಲ್ಲ, ಕೊಡ್ಲಿಲ್ವಾ?"

"ಮರೆತೆ," ಎಂದೆ. ಅವಳು ಅದನ್ನು ಇನ್ನೂ ಚಿಕ್ಕದಾಗಿ ಮಡಿಸಿ ಡ್ರಾಯರಿನಲ್ಲಿಟ್ಟಳು. ಮತ್ತೆಂದೂ ಕೇಳಲಿಲ್ಲ.

ಅಕ್ಕತಂಗಿಯರ ಆಸೆಯೇನೋ ಈಡೇರಿತು. ಈಗ ಪ್ರತಿ ಹಬ್ಬಕ್ಕೂ ಆತ ನಮ್ಮ ಮನೆಗೆ ಬರುತ್ತಾನೆ. ಬಾಗಿಲಲ್ಲಿ ಗೋಡೆ ಹಿಡಿದು ನಿಂತು ನಿಧಾನವಾಗಿ ಬೂಟಿನ ಲೇಸು ಬಿಚ್ಚುತ್ತಾನೆ. "ಬೂಟು ಇರ್ಲಿ, ಹಾಗೇ ಬನ್ನಿ," ಎಂದು ನಾನು ಪ್ರತಿ ಸಲವೂ ಗೋಗರೆಯುತ್ತೇನೆ.

"ಛೇ, ಎಲ್ಲಾದ್ರೂ ಉಂಟಾ? ನಿಮ್ಮನೇಲಿ ಹೊರಗೇ ಬಿಡೋದಲ್ವಾ," ಎನ್ನುತ್ತಾನೆ ನಗುತ್ತ, ಎಲ್ಲರಿಗೂ ಕೇಳುವ ಹಾಗೆ.

ಆತ ಕೆನೆ ಬಣ್ಣದ ಕಾರ್ಪೆಟ್ಟಿನ ಮೇಲೆ ಒಂದು ಕಡೆ ವಾಲಿಕೊಂಡು ಒಳಗೆ ಹೋಗುತ್ತಾನೆ. ನಾನು ಹೊರಗಿನಿಂದ ಆ ಬೂಟುಗಳನ್ನು ಎತ್ತಿ ತಂದು ಮನೆ ಬೆಚ್ಚಗಿಡುವ ರೇಡಿಯೇಟರ್ ಪಕ್ಕದಲ್ಲಿ ಇಡುತ್ತೇನೆ.