ಗರಿ ಕೂಡಿಸಿದ ಕೊಡೆಯಕ್ಕ

ಕೊಡೆಯಕ್ಕನ ಅಂಗಡಿಗೆ ಬಾಗಿಲಿಗಿಂತ ಕಿಟಕಿಯೇ ದೊಡ್ಡದು. ಅಪ್ಪ ಕೂತು ಕೂತು ನುಣುಪಾಗಿಸಿದ ಬೆಂಚಿನ ಮೇಲೆ, ಆ ಕಿಟಕಿಯ ಬೆಳಕಿಗೆ ಮುಖ ಮಾಡಿ ಅವಳು ಮುರಿದ ಕೊಡೆಗಳ ಮೂಳೆ ಜೋಡಿಸುತ್ತಿದ್ದಳು. ಕಡ್ಡಿ ಮುರಿದಿದ್ದರೆ ಪುಟ್ಟ ತಗಡಿನ ಕೊಳವೆ ತೊಡಿಸಿ ಕೂಡಿಸುವುದು, ಬಟ್ಟೆ ಬಿಟ್ಟುಕೊಂಡಿದ್ದರೆ ತುದಿಗೆ ಹೊಲಿಗೆ ಹಾಕುವುದು, ಗುಂಡಿ ಒತ್ತಿದರೂ ಬಿಚ್ಚಿಕೊಳ್ಳದ ಮೊಂಡ ಕೊಡೆಗೆ ಒಂದು ಹನಿ ಎಣ್ಣೆ, ಎರಡು ಬೈಗುಳ. ಅಗ್ಗದ ಕೊಡೆಗಳು ಬಂದ ಮೇಲೆ ಜನ ರಿಪೇರಿಯ ಗೋಜಿಗೇ ಹೋಗುತ್ತಿರಲಿಲ್ಲ. "ಈ ಕೆಲಸ ಬಿಡು, ಬೇಕರಿಗೆ ಸೇರ್ಕೋ" ಎಂದು ಅಣ್ಣ ಹೇಳಿ ಹೇಳಿ ಸಾಕಾಗಿದ್ದ. ಅವಳದು ಒಂದೇ ಉತ್ತರ: "ಮುರಿದಿದ್ದು ನೋಡಿದ್ರೆ ನನ್ನ ಕೈ ಸುಮ್ಮನಿರಲ್ಲ, ಏನ್ ಮಾಡ್ಲಿ?"

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯೂ ದಿನವಿಡೀ ಅಂಗಡಿಯಲ್ಲೇ ಕೂರತೊಡಗಿದರು. ಅವರಿಗೆ ಕಣ್ಣು ಪೂರಾ ಮಂಜು. ಕಿವಿ ಮಾತ್ರ ಬೀದಿಯ ಆಚೆ ಬದಿಯ ಪಿಸುಮಾತನ್ನೂ ಬಿಡುತ್ತಿರಲಿಲ್ಲ. ಯಾರ ಮನೆಯಲ್ಲಿ ಜಗಳ, ಯಾರ ಸೈಕಲ್ಲಿನ ಚೈನು ಸಡಿಲ, ಎಲ್ಲ ಅವರಿಗೆ ಕೂತಲ್ಲೇ ಗೊತ್ತು. "ಗೋಡೆಗೆ ಕಿವಿ ಇದೆ ಅಂತಾರಲ್ಲ, ಆ ಗೋಡೆ ನಮ್ಮ ಅತ್ತಿಗೇನೇ" ಎಂದು ಕೊಡೆಯಕ್ಕ ನಗುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಎದುರು ಬೀದಿಯ ಪಶು ಆಸ್ಪತ್ರೆಯ ಡಾಕ್ಟರಮ್ಮ ಅಂಗಡಿಯ ಕಿಟಕಿಗೆ ಮುಖ ಒಡ್ಡಿ ಕೇಳಿದರು: "ಅಕ್ಕಾ, ಒಂದು ರಿಪೇರಿ ಇದೆ. ಕೊಡೆ ಅಲ್ಲ. ಬಂದು ನೋಡ್ತೀರಾ?"

ಆಸ್ಪತ್ರೆಯ ಒಳಕೋಣೆಯ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯಿತ್ತು. ಮುಚ್ಚಳ ಸರಿಸಿದ್ದೇ ತಡ, ಒಳಗಿನಿಂದ ಹಾವು ಬುಸುಗುಟ್ಟಿದಂತೆ ಸದ್ದು ಬಂತು. ಕೊಡೆಯಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಮತ್ತೆ ಬಗ್ಗಿ ನೋಡಿದರೆ ಗೂಬೆ. ಸೇಬನ್ನು ಎರಡು ಹೋಳು ಮಾಡಿ ಇಟ್ಟಂಥ ಬಿಳಿ ಮುಖ, ಅದರ ನಡುವೆ ಎರಡು ಕಪ್ಪು ಕಣ್ಣು, ಬೆನ್ನ ಮೇಲೆ ಬೂದಿಗೆ ಬಂಗಾರದ ಪುಡಿ ಬೆರೆಸಿ ಚೆಲ್ಲಿದ ಬಣ್ಣ. ಇಷ್ಟು ಚೆಂದದ ಪ್ರಾಣಿಯ ಹೆಸರನ್ನೇ ಬೈಗುಳ ಮಾಡಿಕೊಂಡಿದ್ದೇವಲ್ಲ ಅನ್ನಿಸಿತು ಅವಳಿಗೆ. ಬಲರೆಕ್ಕೆಯ ತುದಿಯ ಗರಿಗಳೆಲ್ಲ ಅರ್ಧಕ್ಕೇ ಮುರಿದು ಹೋಗಿದ್ದವು.

ಪಕ್ಕದಲ್ಲಿ ದಿನಸಿ ಅಂಗಡಿಯವನು ಕೈಕಟ್ಟಿ ನಿಂತಿದ್ದ. ಅವನ ಗೋದಾಮಿನಲ್ಲಿ ಇಲಿಗೆಂದು ಇಟ್ಟಿದ್ದ ಅಂಟಿನ ಹಲಗೆಗೆ ಒಂದು ಇಲಿ ಸಿಕ್ಕಿಕೊಂಡಿತ್ತು. ಅದನ್ನು ಹಿಡಿಯಲು ಎರಗಿದ ಗೂಬೆಯೂ ಅಂಟಿಕೊಂಡು, ಬಿಡಿಸಿಕೊಳ್ಳಲು ಬಡಿದಾಡಿ ಗರಿ ಮುರಿದುಕೊಂಡಿತ್ತು.

"ನನ್ನ ಮೇಲೆ ಗೂಬೆ ಕೂರಿಸ್ಬೇಡಿ ಡಾಕ್ಟ್ರೇ. ನಾನು ಅಂಟು ಇಟ್ಟಿದ್ದು ಇಲಿಗೆ," ಎಂದ ಅವನು.

"ನಿಮ್ಮ ಮೇಲೆ ಕೂತಿದ್ರೆ ಪರವಾಗಿರಲಿಲ್ಲ. ನಿಮ್ಮ ಅಂಟಿನ ಮೇಲೆ ಕೂತಿದ್ದೇ ತೊಂದರೆ," ಎಂದರು ಡಾಕ್ಟರಮ್ಮ. ಆಮೇಲೆ ಕೊಡೆಯಕ್ಕನ ಕಡೆ ತಿರುಗಿದರು. "ಅಂಟೆಲ್ಲ ತೆಗೆದಿದ್ದೀನಿ. ಮೂಳೆ ಗಟ್ಟಿಯಾಗೇ ಇದೆ. ಆದ್ರೆ ಈ ಗರಿ ತಾನಾಗೇ ಉದುರಿ ಹೊಸದು ಬರೋಕೆ ಒಂದೆರಡು ವರ್ಷ ಬೇಕು. ಅಲ್ಲೀವರೆಗೆ ಪಂಜರದಲ್ಲಿಟ್ರೆ ಬೇಟೆ ಆಡೋದನ್ನೇ ಮರೆತುಬಿಡುತ್ತೆ. ಗರಿಯ ದಂಟು ಒಳಗೆ ಪೊಳ್ಳು. ಅದರೊಳಗೆ ಕಡ್ಡಿ ತೂರಿಸಿ ಬೇರೆ ಗೂಬೆಯ ಗರಿ ಕೂಡಿಸಬಹುದು. ಹೇಗೆ ಅಂತ ನನಗೆ ಗೊತ್ತು. ಆದ್ರೆ ನನ್ನದು ಚರ್ಮ ಹೊಲಿಯೋ ಕೈ. ಕಡ್ಡಿಗೆ ಕಡ್ಡಿ ಕೂಡಿಸೋ ಕೈ ನಿಮ್ಮದು."

ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತ ಇನ್ನೊಂದು ಗೂಬೆಯ ರೆಕ್ಕೆಗಳನ್ನು ಡಾಕ್ಟರಮ್ಮ ಫ್ರಿಜ್ಜಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಅದರಿಂದ ಒಂದು ಗರಿ ತೆಗೆದು ಕೊಡೆಯಕ್ಕನ ಅಂಗೈ ಮೇಲಿಟ್ಟರು. ಮುಟ್ಟಿದರೆ ಮಖಮಲ್ಲು. ಮುಂದಿನ ಅಂಚಿನಲ್ಲಿ ಬಾಚಣಿಗೆಯಂತೆ ಸಣ್ಣ ಹಲ್ಲು, ಹಿಂದಿನ ಅಂಚಿನಲ್ಲಿ ಶಾಲಿನ ಜಾಲರಿಯಂತೆ ಎಳೆ ಎಳೆ. ಇಷ್ಟೆಲ್ಲ ಕುಸುರಿ ಯಾಕೆ ಎಂದು ಅವಳು ಕೇಳಿದಳು.

"ಸದ್ದಾಗಬಾರದು ಅಂತ. ಆ ಹಲ್ಲು ಗಾಳಿಯನ್ನ ಸಣ್ಣ ಸಣ್ಣದಾಗಿ ಸೀಳುತ್ತೆ, ಜಾಲರಿ ಅದನ್ನ ಮೆತ್ತಗೆ ಹಿಂದೆ ಬಿಡುತ್ತೆ. ಇಲಿಗೂ ಕೇಳಬಾರದು, ತನ್ನ ಕಿವಿಗೂ ಅಡ್ಡ ಬರಬಾರದು. ಇದು ಕಿವಿಯಲ್ಲೇ ಬೇಟೆ ಆಡೋ ಹಕ್ಕಿ ಅಕ್ಕಾ. ಈ ಬಟ್ಟಲಿನಂಥ ಮುಖ ಇದೆಯಲ್ಲ, ಅದು ಸದ್ದನ್ನ ಬಾಚಿ ಕಿವಿಗೆ ಹಾಕೋಕೆ. ಕಿವಿನೂ ಒಂದು ಮೇಲೆ, ಒಂದು ಕೆಳಗೆ. ಸದ್ದು ಯಾವ ಕಿವಿಗೆ ಹೇಗೆ ಬಿತ್ತು ಅನ್ನೋದರಲ್ಲೇ ಇಲಿ ಎಲ್ಲಿದೆ ಅಂತ ಲೆಕ್ಕ ಹಾಕುತ್ತೆ. ಪೂರಾ ಕತ್ತಲಲ್ಲೂ ಗುರಿ ತಪ್ಪಲ್ಲ."

"ನಮ್ಮ ಅತ್ತಿಗೆ ಥರ."

"ಆದ್ರೆ ಇಷ್ಟು ಮೆತ್ತಗಿರೋದಕ್ಕೆ ದಂಡವೂ ಇದೆ. ಈ ಗರಿ ನೀರು ತಡೆಯಲ್ಲ. ಜೋರು ಮಳೆ ಬಂದ್ರೆ ತೊಯ್ದು ಮುದ್ದೆ. ಅವತ್ತು ಬೇಟೆ ಇಲ್ಲ, ಉಪವಾಸ."

ಕೊಡೆಯಕ್ಕ ಗರಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮಳೆಯನ್ನೇ ನಂಬಿ ಬದುಕಿದ ತನ್ನ ಹೊಟ್ಟೆಪಾಡಿನ ಎದುರು, ಮಳೆಗೆ ಹೆದರಿ ಹಸಿದು ಕೂರುವ ಈ ಜೀವ! ಅವಳು ಒಪ್ಪಿದಳು.

ಮನೆಗೆ ಬಂದವಳೇ ಬಿದಿರನ್ನು ಸೀಳಿ, ಗಾಜಿನ ಚೂರಿನಿಂದ ಹೆರೆದು ಸೂಜಿಯಷ್ಟು ಸಣ್ಣ ಕಡ್ಡಿಗಳನ್ನು ಮಾಡಿದಳು. ಕೋಳಿ ಗರಿ, ಪಾರಿವಾಳದ ಗರಿ, ಸಿಕ್ಕ ಸಿಕ್ಕ ಗರಿಗಳನ್ನೆಲ್ಲ ಮುರಿದು ಕೂಡಿಸಿ ಕೈ ಪಳಗಿಸಿಕೊಂಡಳು. ಕೊನೆಗೆ ಡಾಕ್ಟರಮ್ಮ ಗೂಬೆಗೆ ಮದ್ದು ಕೊಟ್ಟು ಮಲಗಿಸಿ, ರೆಕ್ಕೆಯನ್ನು ಮೇಜಿನ ಮೇಲೆ ಬೀಸಣಿಗೆಯಂತೆ ಹರಡಿದರು. ಬಲದ ಗರಿ ಬಲಕ್ಕೇ, ಆಯಾ ಜಾಗದ್ದು ಆಯಾ ಜಾಗಕ್ಕೇ. ಒಂದು ಕೂದಲೆಳೆ ತಿರುಚಿದರೂ ಹಾರಾಟ ಕೆಟ್ಟಂತೆ. ಕೊಡೆಯಕ್ಕ ಬಿದಿರುಕಡ್ಡಿಗೆ ಅಂಟು ಸವರಿ ಒಂದೊಂದೇ ಕೂಡಿಸಿದಳು. ಎದ್ದಾಗ ಸೊಂಟ ನೆಟ್ಟಗಾಗಲಿಲ್ಲ. ಆದರೆ ಆ ರೆಕ್ಕೆಯಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ಡಾಕ್ಟರಮ್ಮನಿಗೇ ಗೊತ್ತಾಗಲಿಲ್ಲ.

ಗೂಬೆ ಚೇತರಿಸಿಕೊಂಡ ಮೇಲೆ ಆಸ್ಪತ್ರೆಯ ಹಿಂದಿನ ಉದ್ದನೆಯ ಶೆಡ್ಡಿನಲ್ಲಿ ಹಾರಿಸಿ ನೋಡುವುದೆಂದಾಯಿತು. ಅತ್ತಿಗೆ ತಾನೂ ಬರುತ್ತೇನೆಂದು ಹಟ ಹಿಡಿದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಡಾಕ್ಟರಮ್ಮ ಗೂಬೆಯನ್ನು ಬಿಟ್ಟರು. ಅದು ಶೆಡ್ಡಿನ ಈ ತುದಿಯಿಂದ ಆ ತುದಿಗೆ ಚೆಂದವಾಗಿ ಹಾರಿ ತೊಲೆಯ ಮೇಲೆ ಕೂತಿತು. ಕೊಡೆಯಕ್ಕನ ಕಣ್ಣಲ್ಲಿ ನೀರು ತುಂಬಿತು.

"ಹಾರಿತು ಅತ್ತಿಗೆ!"

"ಗೊತ್ತಾಯ್ತು. ಕೇಳಿಸ್ತಲ್ಲ."

ಡಾಕ್ಟರಮ್ಮ, ಕೊಡೆಯಕ್ಕ ಮುಖ ಮುಖ ನೋಡಿಕೊಂಡರು. ಕೇಳಿಸಬಾರದಿತ್ತು. ಮತ್ತೊಮ್ಮೆ ಹಾರಿಸಿದರು. "ಹೂಂ, ಸುಯ್ ಅಂತ. ಸೀರೆ ನೆಲಕ್ಕೆ ಉಜ್ಜಿದ ಹಾಗೆ," ಎಂದರು ಅತ್ತಿಗೆ.

ರೆಕ್ಕೆ ಬಿಚ್ಚಿ ನೋಡಿದರೆ, ತೀರಾ ಹೊರಗಿನ ಗರಿಯ ಹಲ್ಲುಗಳ ಮೇಲೆ, ಕಡ್ಡಿಗೆ ಸವರಿದ ಅಂಟು ಒಂದಿಷ್ಟು ಹರಿದು ಒಣಗಿ ಕೂತಿತ್ತು. ಕೊಡೆಯಕ್ಕ ಕುಸಿದು ಹೋದಳು. "ಕೆಡಿಸಿದ್ದು ನಾನೇ. ಇನ್ನು ಇದು ಬರೋದು ಇಲಿಗಳಿಗೆಲ್ಲ ಮೊದಲೇ ಗೊತ್ತಾಗುತ್ತೆ. ಹಸಿವಿನಲ್ಲೇ ಸಾಯುತ್ತೆ." ಆ ಜಾಗದ ಗರಿ ಫ್ರಿಜ್ಜಿನಲ್ಲಿ ಇನ್ನೊಂದು ಇರಲಿಲ್ಲ.

ಸುದ್ದಿ ದಿನಸಿ ಅಂಗಡಿಯವನ ಕಿವಿಗೂ ಬಿತ್ತು. ಗೋದಾಮಿನ ಅಟ್ಟದಲ್ಲಿ ಸದಾ ಬುಸ್ ಬುಸ್ ಎನ್ನುತ್ತಿದ್ದುದರಿಂದ, ಹಾವಿದೆ ಎಂದು ಹೆದರಿ ಅವನು ಮೇಲೆ ಹತ್ತಿದವನೇ ಅಲ್ಲ. ಈಗ ಆ ಬುಸುಗುಟ್ಟುವಿಕೆ ಯಾರದೆಂದು ಗೊತ್ತಾಗಿತ್ತು. ಏಣಿ ಹಾಕಿ ಹತ್ತಿದ. ಮೈಯೆಲ್ಲ ಜೇಡರ ಬಲೆ ಮಾಡಿಕೊಂಡು ಒಂದು ಚೀಲದ ಸಮೇತ ಕೊಡೆಯಕ್ಕನ ಅಂಗಡಿಗೆ ಬಂದ. ಚೀಲದ ತುಂಬ ಗೂಬೆ ಉದುರಿಸಿದ ಗರಿಗಳು. ಅವುಗಳ ಜೊತೆಗೇ ಕಪ್ಪಗಿನ ಒಣ ಉಂಡೆಗಳು. ಅತ್ತಿಗೆ ಒಂದು ಉಂಡೆಯನ್ನು ಬೆರಳಿಂದ ಬಿಡಿಸಿದರು. ಕೂದಲಿನ ನಡುವಿನಿಂದ ಮೂಳೆ, ಪುಟ್ಟ ತಲೆಬುರುಡೆಗಳು ಒಂದೊಂದಾಗಿ ಉದುರಿದವು. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ್ದನ್ನು ಹೀಗೆ ಉಂಡೆ ಕಟ್ಟಿ ಹೊರಗೆ ಕಾರುತ್ತದೆ.

"ಅಯ್ಯೋ, ಇಷ್ಟೊಂದು ಇಲಿ ತಿಂದಿದೆ! ಚೀಲಗಟ್ಟಲೆ ಇದೆ ಮೇಲೆ," ಎಂದ ಅವನು.

"ಗೋದಾಮಿಗೆ ಅಂತ ಸಾಕಿದ್ದ ನಿನ್ನ ಬೆಕ್ಕು ಏನು ಮಾಡ್ತಿತ್ತಪ್ಪಾ?" ಎಂದರು ಅತ್ತಿಗೆ.

"ಅದಕ್ಕೆ ಹಾಲು ಹಾಕಿದ್ದೇ ಹಾಕಿದ್ದು," ಎಂದು ಅವನು ತಲೆ ಕೆರೆದುಕೊಂಡ. ಅವತ್ತೇ ಅಂಟಿನ ಹಲಗೆಗಳನ್ನೆಲ್ಲ ಒಲೆಗೆ ಹಾಕಿದ.

ಚೀಲವನ್ನು ತಡಕಿ ತಡಕಿ ಕೊಡೆಯಕ್ಕ ಬೇಕಾದ ಗರಿಯನ್ನು ಹುಡುಕಿದಳು. ಈ ಸಲ ಅಂಟನ್ನು ಕಡ್ಡಿಗಲ್ಲ, ದಂಟಿನ ಒಳಕ್ಕೆ ಸೂಜಿಮೊನೆಯಿಂದ ಮುಟ್ಟಿಸಿದಳು. ಗರಿಯ ಅಂಚಿಗೆ ತೆಳುವಾದ ಕಾಗದ ಸುತ್ತಿ ಕಾಪಾಡಿದಳು. ಮತ್ತೆ ಶೆಡ್ಡು, ಮತ್ತೆ ಅತ್ತಿಗೆಯ ಕುರ್ಚಿ.

ಸ್ವಲ್ಪ ಹೊತ್ತಾದ ಮೇಲೆ ಅತ್ತಿಗೆ ಬೇಸರಪಟ್ಟುಕೊಂಡು ಕೇಳಿದರು: "ಯಾವಾಗ ಬಿಡ್ತೀರೇ?"

"ಬಿಟ್ಟಾಯ್ತು ಅತ್ತಿಗೆ. ನಿಮ್ಮ ತಲೆ ಮೇಲೇ ಹೋಗಿ ಬಂತು."

ಅತ್ತಿಗೆ ತಲೆ ಮುಟ್ಟಿ ನೋಡಿಕೊಂಡರು. ತಮ್ಮ ಕಿವಿಗೆ ಸಿಗದೆ ಒಂದು ಜೀವ ಅಷ್ಟು ಹತ್ತಿರ ಹಾದುಹೋಯಿತೆಂಬುದನ್ನು ಅವರಿಗೆ ನಂಬಲಾಗಲಿಲ್ಲ. "ಭಲೇ ಕಳ್ಳಿ," ಎಂದರು, ಮೆಚ್ಚಿಕೊಂಡು.

ಒಂದು ಸಂಜೆ ಗೋದಾಮಿನ ಅಂಗಳದಲ್ಲಿ ಅದನ್ನು ಬಿಟ್ಟರು. ಕೊಡೆಯಕ್ಕನ ಕೈಯಿಂದಲೇ ಹೊರಟಿತು. ಬಿಳಿಯ ಹೊಟ್ಟೆಯೊಂದು ಮಾಡಿನ ಸುತ್ತ ತೇಲಿ, ಹಿಂದಿನ ಹೊಲದ ಕಡೆ ಹೊರಳಿತು.

ಆಮೇಲೆ ಡಾಕ್ಟರಮ್ಮ ಗರಿ ಮುರಿದ ಹದ್ದು ತಂದರು, ಡೇಗೆ ತಂದರು. ದೂರದ ಊರುಗಳ ವೈದ್ಯರೂ ಬಂದು ಕೊಡೆಯಕ್ಕನ ಬೆಂಚಿನ ಪಕ್ಕ ಕೂತು ಕಲಿತು ಹೋದರು. ಅವಳು ಕೊಡೆಗಳನ್ನೂ ಬಿಡಲಿಲ್ಲ. ಒಂದು ಡಬ್ಬಿಯಲ್ಲಿ ಕೊಡೆಕಡ್ಡಿ, ಇನ್ನೊಂದರಲ್ಲಿ ಬಿದಿರುಕಡ್ಡಿ.

ಗರಿ ಉದುರುವ ಕಾಲ ಬಂದಾಗ ದಿನಸಿ ಅಂಗಡಿಯವನು ಅಟ್ಟದಿಂದ ಒಂದು ಗರಿ ತಂದು ಅವಳ ಮುಂದಿಟ್ಟ. ಅದರ ದಂಟಿನೊಳಗೆ ಅವಳ ಬಿದಿರುಕಡ್ಡಿ ಹಾಗೇ ಕೂತಿತ್ತು. ಅಂದರೆ ಗೂಬೆ ಬದುಕಿದೆ. ಕೂಡಿಸಿದ ಗರಿಯಲ್ಲೇ ಅಷ್ಟು ಕಾಲ ಬೇಟೆಯಾಡಿ, ಈಗ ತನ್ನದೇ ಹೊಸ ಗರಿ ತೊಟ್ಟಿದೆ.

"ಮರಿನೂ ಮಾಡಿದೆ. ಬಂದು ನೋಡಿ," ಎಂದ.

ಕೊಡೆಯಕ್ಕ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಅಟ್ಟದ ಮೂಲೆಯಲ್ಲಿ ಮರಿಗಳು ಮೆಟ್ಟಿಲು ಜೋಡಿಸಿದಂತೆ, ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಕೂತಿದ್ದವು. ಮೊಟ್ಟೆಗಳು ಒಂದೊಂದು ದಿನ ಒಂದೊಂದು ಒಡೆಯುವುದರಿಂದ ಹಾಗೆ. ದೊಡ್ಡ ಮರಿಯ ಕೊಕ್ಕಿನಲ್ಲಿ ಒಂದು ಇಲಿಯಿತ್ತು. ಅದು ನುಂಗಲಿಲ್ಲ. ಹಸಿದು ಕೂಗುತ್ತಿದ್ದ ಪುಟ್ಟ ತಂಗಿಯತ್ತ ಬಗ್ಗಿ ಇಲಿಯನ್ನು ಅದರ ಬಾಯಿಗೆ ಕೊಟ್ಟಿತು.

ಏಣಿಯ ಕೆಳಗಿನಿಂದ ಅತ್ತಿಗೆ ಕೂಗಿದರು: "ಏನು ಮಾಡ್ತಿವೆಯೇ? ಹೇಳೇ!"

ಕೊಡೆಯಕ್ಕ ಹೇಳತೊಡಗಿದಳು.