ಬ್ರಿಟನ್ ಒಕ್ಕೂಟ ಬಿಟ್ಟಿತು, ಸಿಕ್ಕಿಕೊಂಡವಳು ನಾನು

ಸ್ವೀಡನ್ನಿಗೆ ಬಂದ ಮೇಲೆ ನಮ್ಮ ಮನೆಗೆ ಬಂದ ಮೊದಲ ಸರಕಾರಿ ಪತ್ರ ನನ್ನ ಎಂಟು ತಿಂಗಳ ಮಗಳ ಹೆಸರಿನಲ್ಲಿತ್ತು. ಅಪ್ಪನ ಹೆಸರಿಲ್ಲ, ಅಮ್ಮನ ಹೆಸರಿಲ್ಲ. ಲಕೋಟೆಯ ಮೇಲೆ ನೇರವಾಗಿ ಜೋಯಾ ಎಂದೇ ಇತ್ತು. ಒಳಗೆ ಅವಳ ‘ಪರ್ಸೂನ್‌ನುಮ್ಮೆರ್’, ಅಂದರೆ ಈ ದೇಶದಲ್ಲಿ ಪ್ರತಿಯೊಬ್ಬರಿಗೂ ಕೊಡುವ ಸಂಖ್ಯೆ. ಅದಿಲ್ಲದೆ ಇಲ್ಲಿ ಡಾಕ್ಟರೂ ಸಿಗುವುದಿಲ್ಲ, ಲೈಬ್ರರಿ ಪುಸ್ತಕವೂ ಸಿಗುವುದಿಲ್ಲ. ಜೋಯಾ ಆ ಲಕೋಟೆಯ ಮೂಲೆಯನ್ನು ಚೀಪುತ್ತ ಕೂತಿದ್ದಳು. ನಾನೂ ನನ್ನ ಗಂಡ ಇರ್ಫಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ದಿನ ನಗುವ ಬದಲು ಸ್ವಲ್ಪ ಯೋಚಿಸಿದ್ದರೆ ಎಂಟು ವರ್ಷದ ಮೇಲೆ ಅಳುವುದು ತಪ್ಪುತ್ತಿತ್ತು.

ನಾನು ಬ್ಯಾಡಗಿಯವಳು. ನನ್ನ ಅಬ್ಬಾ ಅಲ್ಲಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೂಕ ಮಾಡುವವರು. ಇರ್ಫಾನ್ ಹುಬ್ಬಳ್ಳಿಯವರು. ಎಂಜಿನಿಯರಾಗಿ ಇಂಗ್ಲೆಂಡಿಗೆ ಹೋಗಿ, ಅಲ್ಲೇ ವರ್ಷಗಟ್ಟಲೆ ದುಡಿದು ಬ್ರಿಟಿಷ್ ಪಾಸ್‌ಪೋರ್ಟ್ ಮಾಡಿಸಿಕೊಂಡ ಮೇಲೆ ನನ್ನನ್ನು ಮದುವೆಯಾದರು. ಮಗಳು ಹುಟ್ಟಿದ್ದು ಅಲ್ಲಿಯೇ, ಹಾಗಾಗಿ ಅವಳೂ ಬ್ರಿಟಿಷ್. ನಾನೊಬ್ಬಳೇ ಭಾರತೀಯಳು. ೨೦೧೩ರಲ್ಲಿ ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ಒಂದು ಕಾರ್ಖಾನೆಯಲ್ಲಿ ಇವರಿಗೆ ಕೆಲಸ ಸಿಕ್ಕಿತು. ಮಣ್ಣು ಅಗೆಯುವ, ಕಲ್ಲು ಹೊರುವ ದೊಡ್ಡ ಯಂತ್ರಗಳ ಕಾರ್ಖಾನೆ. ಬಿಡಿಭಾಗಗಳನ್ನು ಹೊರದೇಶಗಳಿಂದ ತರಿಸುವುದು ಇವರ ಕೆಲಸ. ವೀಸಾ ಬೇಕಿರಲಿಲ್ಲ. ಬ್ರಿಟನ್ ಆಗ ಐರೋಪ್ಯ ಒಕ್ಕೂಟದಲ್ಲಿತ್ತು. ಒಕ್ಕೂಟದ ಯಾವ ದೇಶದಲ್ಲಾದರೂ ಮನೆ ಮಾಡಬಹುದಿತ್ತು. ಹೆಂಡತಿಯೆಂದು ನನಗೂ ಇಲ್ಲಿ ವಾಸಿಸಲು ಒಂದು ಕಾರ್ಡ್ ಕೊಟ್ಟರು. ಹಾವೇರಿಯಿಂದ ಹುಬ್ಬಳ್ಳಿಗೆ ಮನೆ ಸಾಗಿಸಿದಷ್ಟು ಸಲೀಸಾಗಿ ನಾವು ದೇಶ ಬದಲಿಸಿದೆವು. ಇರ್ಫಾನರಿಗೆ ಆ ಪಾಸ್‌ಪೋರ್ಟಿನ ಮೇಲೆ ಎಷ್ಟು ಹೆಮ್ಮೆಯೆಂದರೆ ಅದನ್ನು ಕುರ್‌ಆನಿನ ಪಕ್ಕದಲ್ಲೇ ಇಡುತ್ತಿದ್ದರು.

ಊರು ಕಲಿಯುವುದು ಸಲೀಸಾಗಿರಲಿಲ್ಲ. ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಎಲ್ಲರಿಗೂ ಸೇರಿ ಒಂದು ಬಟ್ಟೆ ಒಗೆಯುವ ಕೋಣೆ, ‘ತ್ವೆತ್‌ಸ್ತುಗಾ’. ಅದಕ್ಕೆ ಮೊದಲೇ ಸಮಯ ಕಾದಿರಿಸಬೇಕು. ನಾನು ಹತ್ತು ನಿಮಿಷ ಹೆಚ್ಚು ತೆಗೆದುಕೊಂಡಿದ್ದಕ್ಕೆ ಯಾರೋ ಬಾಗಿಲಿಗೆ ಚೀಟಿ ಅಂಟಿಸಿದ್ದರು. ನಮ್ಮಲ್ಲಾದರೆ ಎದುರಿಗೆ ನಿಂತು ಜಗಳವಾಡುತ್ತಾರೆ, ಸಂಜೆಗೆ ಅವರೇ ಸಾರು ಕಳಿಸುತ್ತಾರೆ. ಇಲ್ಲಿ ಜಗಳವೂ ಇಲ್ಲ, ಸಾರೂ ಇಲ್ಲ. ಚಳಿಗಾಲದಲ್ಲಿ ಇಡೀ ದಿನ ಯಾರ ದನಿಯೂ ಕೇಳದೆ ನಾನು ಕುಕ್ಕರಿನ ಸೀಟಿಗೆ ಕಾಯುತ್ತಿದ್ದೆ. ಆಮೇಲೆ ಭಾಷೆ ಕಲಿತೆ. ಒಂದು ‘ದಾಗಿಸ್’ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಕೆಲಸಕ್ಕೆ ಸೇರಿದೆ. ಅಲ್ಲಿ ಮೂರು ವರ್ಷದ ಪೋರರೂ ಮುಖ್ಯಸ್ಥೆಯನ್ನು ‘ಅನ್ನಿಕಾ’ ಎಂದು ಹೆಸರು ಹಿಡಿದು ಕರೆಯುತ್ತಿದ್ದರು. ಅವಳನ್ನು ಹಾಗೆ ಕರೆಯಲು ನನ್ನ ನಾಲಿಗೆ ಏಳಲು ಒಂದು ವರ್ಷ ಬೇಕಾಯಿತು.

೨೦೧೬ರ ಜೂನಿನಲ್ಲಿ ಬ್ರಿಟನ್ ಒಕ್ಕೂಟ ಬಿಡಬೇಕೆಂದು ಮತ ಹಾಕಿತು. ಬೆಳಿಗ್ಗೆ ಸುದ್ದಿ ನೋಡಿದ ಇರ್ಫಾನ್ ಚಹಾದ ಲೋಟ ಹಿಡಿದುಕೊಂಡು ನಿಂತೇ ಇದ್ದರು. ನಮ್ಮ ಮನೆಮಾತು ಉರ್ದು. ಮಗಳಿಗೆ ತಿಳಿಯಬಾರದ ಮಾತು ಬಂದಾಗ ಕನ್ನಡಕ್ಕೆ ಹೊರಳುತ್ತೇವೆ. ಆ ಬೆಳಿಗ್ಗೆ ಇವರು ಕನ್ನಡದಲ್ಲಿ ಹೇಳಿದರು:

‘ಶಮೀಮ್, ಇವರು ಹುಚ್ಚರಾಗ್ಯಾರ.’

‘ನಮಗೇನಾದ್ರೂ ಆಗತೈತೇನ್ರಿ?’

‘ನಮಗೇನಾಗತೈತಿ? ನಾವು ಬಂದು ಕುಂತಾಗೈತಲ್ಲ.’

ಆದರೆ ಕಾರ್ಖಾನೆಯಲ್ಲಿ ಆಗತೊಡಗಿತು. ಇವರು ತರಿಸುತ್ತಿದ್ದ ವಾಲ್ವುಗಳು ಇಂಗ್ಲೆಂಡಿನವು. ಅವು ಇಲ್ಲಿಯವರೆಗೆ ಪಕ್ಕದ ಊರಿನಿಂದ ಬಂದಂತೆ ಬರುತ್ತಿದ್ದವು. ಇನ್ನು ಸುಂಕ ಎಷ್ಟು, ಗಡಿಯಲ್ಲಿ ಎಷ್ಟು ದಿನ, ಯಾರಿಗೂ ಗೊತ್ತಿಲ್ಲ. ಎರಡೂ ಕಡೆಯ ಮಂತ್ರಿಗಳು ಮಾತುಕತೆಗೆ ಕೂತು ಏಳುತ್ತಿದ್ದರು, ಗಡುವುಗಳು ಮುಂದೆ ಹೋಗುತ್ತಿದ್ದವು. ಒಪ್ಪಂದವೇ ಆಗದಿದ್ದರೆ ಎಂದು ಕಾರ್ಖಾನೆ ವಾಲ್ವುಗಳನ್ನು ಗೋದಾಮು ತುಂಬ ಪೇರಿಸಿಟ್ಟಿತು. ಇವರು ಊಟಕ್ಕೆ ಕೂತರೂ ಫೋನು ನೋಡುತ್ತಿದ್ದರು. ನಾನು ಫೋನಿನಲ್ಲಿ ಅಬ್ಬಾಗೆ ಇದನ್ನೆಲ್ಲ ವಿವರಿಸಿದರೆ, ಅವರು ತಮ್ಮ ಮಾರುಕಟ್ಟೆಯ ಕನ್ನಡದಲ್ಲಿ ಎರಡು ಮಾತಿನಲ್ಲಿ ಮುಗಿಸಿದರು.

‘ಅಳಿಯಂದಿರಿಗೆ ಹೇಳು. ಇಲ್ಲೂ ಒಬ್ಬ ವರ್ತಕ ಸಿಟ್ಟಿಗೆದ್ದು ಸಂಘ ಬಿಟ್ಟಿದ್ದ. ಆಮ್ಯಾಲೆ ತೂಕಕ್ಕೂ ಬ್ಯಾರೆ ಮಾತಾಡಬೇಕಾತು, ಚೀಲಕ್ಕೂ ಬ್ಯಾರೆ, ಹಮಾಲರ ಕೂಡಾನೂ ಬ್ಯಾರೆ. ಅವಸರ ಅವನಿಗಿತ್ತು, ಸಂಘಕ್ಕ ಇರಲಿಲ್ಲ.’

ವ್ಯಾಪಾರದ ಒಪ್ಪಂದ ಆದದ್ದು ೨೦೨೦ರ ಕ್ರಿಸ್‌ಮಸ್ಸಿನ ಮುನ್ನಾದಿನ. ಸುಂಕ ಬರಲಿಲ್ಲ, ಆದರೆ ಕಾಗದ ಬಂತು. ವಾಲ್ವು ನಿಜಕ್ಕೂ ಇಂಗ್ಲೆಂಡಿನದೋ, ಬೇರೆಡೆಯಿಂದ ತರಿಸಿ ಅಲ್ಲಿ ಜೋಡಿಸಿದ್ದೋ ಎಂದು ಮೂಲದ ದಾಖಲೆ ಬೇಕು. ಬಳ್ಳಾರಿಯ ಮೆಣಸಿನಕಾಯಿ ಬ್ಯಾಡಗಿಯಲ್ಲಿ ತೂಗಿದರೆ ಬ್ಯಾಡಗಿ ಕಾಯಿ ಆದೀತೇ ಎನ್ನುವಂಥ ಪ್ರಶ್ನೆ. ಒಂದೊಂದು ಭಾಗಕ್ಕೂ ಬೇರೆ ಬೇರೆ ದಾಖಲೆ ಹೊಂದಿಸುವುದರಲ್ಲಿ ಇರ್ಫಾನರ ತಲೆಗೂದಲು ಉದುರಿತು.

ಜನರಿಗೂ ಹಾಗೆಯೇ ಕಾಗದ ಬಂತು. ಮೊದಲಿನಿಂದ ಇಲ್ಲಿದ್ದ ಬ್ರಿಟಿಷರು, ಅವರ ಮನೆಯವರು ಇಲ್ಲೇ ಉಳಿಯಲು ೨೦೨೧ರ ಕೊನೆಯೊಳಗೆ ಹೊಸ ಅರ್ಜಿ ಹಾಕಬೇಕು. ಅದಕ್ಕೆ ಮೊದಲೇ ಸ್ವೀಡಿಶ್ ಪೌರತ್ವ ಪಡೆದು ನಿಶ್ಚಿಂತರಾದವರಿದ್ದರು. ಹಾಗೆ ಮಾಡಿರೆಂದು ನಾನೂ ಇರ್ಫಾನರಿಗೆ ಹೇಳಿ ಹೇಳಿ ಸೋತಿದ್ದೆ. ಆ ವಸಂತದಲ್ಲಿ ಇವರು ಒಂದು ಭಾನುವಾರ ಕೂತು ಅರ್ಜಿ ತುಂಬಿದರು. ಹೆಂಡತಿ ಮಗಳ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದರು. ರೇಷನ್ ಕಾರ್ಡಿನಲ್ಲಿ ಯಜಮಾನನ ಹೆಸರು ಮೇಲೆ, ಉಳಿದವರದು ಕೆಳಗೆ. ಹುಟ್ಟಿದಾಗಿನಿಂದ ನಾವಿಬ್ಬರೂ ಕಂಡದ್ದು ಅದನ್ನೇ. ಮಂಜೂರಾತಿ ಬಂದಾಗ ನಾನು ಶಾವಿಗೆ ಪಾಯಸ ಮಾಡಿದೆ. ಮೂರೂ ಜನರದ್ದು ಮುಗಿಯಿತೆಂದುಕೊಂಡೆವು.

ಡಿಸೆಂಬರ್ ಇಪ್ಪತ್ತಕ್ಕೆ ಅನ್ನಿಕಾ ನನ್ನ ಹೊಸ ಕಾರ್ಡಿನ ಪ್ರತಿ ಕೇಳಿದಳು. ಹಳೆಯದರ ಆಯುಷ್ಯ ವರ್ಷದ ಕೊನೆಗೆ ತೀರುತ್ತಿತ್ತು. ಮಾರನೆಯ ದಿನ ‘ಫೀಕಾ’ದ ಹೊತ್ತಿನಲ್ಲಿ, ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿಯುವಾಗ, ಇರ್ಫಾನರ ಮಂಜೂರಾತಿ ಪತ್ರವನ್ನು ಅವಳ ಮುಂದಿಟ್ಟೆ. ಅವಳು ಎರಡು ಸಲ ಓದಿದಳು.

‘ಶಮೀಮ್, ಇದು ಇರ್ಫಾನ್‌ದು. ನಿನ್ನದೆಲ್ಲಿ?’

‘ಅದರಲ್ಲೇ ಇದೆ. ನಾನು ಅವರ ಹೆಂಡತಿ.’

ಅವಳು ನಗಲಿಲ್ಲ. ನನ್ನನ್ನು ತನ್ನ ಕೋಣೆಗೆ ಕರೆದೊಯ್ದು, ಕಂಪ್ಯೂಟರಿನಲ್ಲಿ ನಿಯಮ ತೆರೆದು ತೋರಿಸಿದಳು. ಮನೆಯ ಪ್ರತಿಯೊಬ್ಬರೂ ತಮ್ಮ ಅರ್ಜಿಯನ್ನು ತಾವೇ ಹಾಕಬೇಕು, ಮಕ್ಕಳದ್ದೂ ಬೇರೆಯೇ. ಮೊದಲ ಪುಟದಲ್ಲೇ ಇತ್ತು. ಗಡುವಿಗೆ ಹತ್ತು ದಿನ ಉಳಿದಿತ್ತು. ಜನವರಿ ಐದಕ್ಕೆ ನಾವು ಮೂವರೂ ಊರಿಗೆ ಹೊರಡುವವರಿದ್ದೆವು, ನನ್ನ ತಂಗಿ ನಸ್ರೀನಳ ನಿಕಾಹ್‌ಗೆ.

ಮನೆಗೆ ಬಂದವಳೇ ಕನ್ನಡಕ್ಕೆ ಹೊರಳಿದೆ.

‘ಒಂದೊಂದು ವಾಲ್ವಿಗೂ ಬ್ಯಾರೆ ಬ್ಯಾರೆ ಕಾಗದ ಮಾಡತೀರಿ. ಹೇಣತಿಗೆ ಒಂದು ಅರ್ಜಿ ಹಾಕಾಕ ಆಗಲಿಲ್ಲೇನ್ರಿ?’

‘ಹೆಸರು ಬರದೀನಲ್ಲ ಅದರಾಗ. ಹಾಳಿ ಹಚ್ಚೀನಲ್ಲ.’

‘ಇದೇನು ರೇಷನ್ ಕಾರ್ಡ್ ಅಂತ ತಿಳಕೊಂಡೀರೇನು? ನಾನು ನಿಮ್ಮ ಚೀಲದಾಗಿನ ಸಾಮಾನಲ್ಲ.’

ಇವರು ತಲೆ ತಗ್ಗಿಸಿ ಕೂತುಬಿಟ್ಟರು. ಇವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಸಿಟ್ಟಿನ ಜೊತೆಗೆ ಪಾಪವೆನಿಸಿತು, ಪಾಪವೆನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ನನ್ನ ಮೇಲೂ ಬಂತು. ಸ್ವೀಡಿಶ್ ಓದಲು ಬರುತ್ತಿದ್ದ ನಾನು ಆ ಮೊದಲ ಪುಟವನ್ನು ಯಾಕೆ ಓದಲಿಲ್ಲ? ಯಜಮಾನರು ನೋಡಿಕೊಳ್ಳುತ್ತಾರೆ ಎಂದು ನಾನೇ ಕೈತೊಳೆದುಕೊಂಡಿದ್ದೆ.

ಬಾಗಿಲಲ್ಲಿ ಜೋಯಾ ನಿಂತಿದ್ದಳು. ಕನ್ನಡ ಬರದಿದ್ದರೂ ಉರ್ದುವಿನಲ್ಲೂ ಇರುವ ‘ಅರ್ಜಿ’ ಅವಳ ಕಿವಿಗೆ ಬಿದ್ದಿತ್ತು, ಮುಖ ಓದಲೂ ಬರುತ್ತಿತ್ತು. ಅವಳು ಸ್ವೀಡಿಶ್‌ನಲ್ಲಿ ಕೇಳಿದಳು: ‘ಮಮ್ಮಾ, ನಿನ್ನನ್ನು ಕಳಿಸಿಬಿಟ್ಟರೆ ನಾನು ನಿನ್ನ ಜೊತೆ ಬರಬೇಕಾ, ಪಪ್ಪನ ಜೊತೆ ಇರಬೇಕಾ?’

ಅವಳಿಗೂ ಅರ್ಜಿ ಇಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ‘ಯಾರೂ ಯಾರನ್ನೂ ಕಳಿಸುವುದಿಲ್ಲ’ ಎಂದು ಹೇಳಿ ಅವಳನ್ನು ಎದೆಗೆ ಒತ್ತಿಕೊಂಡೆ. ಹೇಳಿದ ಮಾತಿನ ಮೇಲೆ ನನಗೇ ನಂಬಿಕೆಯಿರಲಿಲ್ಲ.

ಜೋಯಾಳ ಅರ್ಜಿಯನ್ನು ಇವರು ತುಂಬಿದರು. ನನ್ನದನ್ನೂ ಎಳೆದುಕೊಂಡರು, ನಾನು ಕಸಿದುಕೊಂಡೆ. ಇಲ್ಲಿ ಪ್ರತಿಯೊಬ್ಬರೂ ಬೇರೆ ಎಂದು ನೆಟ್ಟಗೆ ಕೂತು ತೆರೆದರೆ, ನಾನು ತುಂಬಬೇಕಾದದ್ದು ಯಾರ ಹೆಂಡತಿ ಎಂಬುದನ್ನೇ. ಎಂಟು ವರ್ಷ ಇಲ್ಲಿದ್ದು, ಇಲ್ಲಿಯ ಮಕ್ಕಳ ಮೂಗು ಒರೆಸಿ, ಇಲ್ಲಿಯೇ ತೆರಿಗೆ ಕಟ್ಟಿದವಳಿಗೆ ಹಕ್ಕು ಬರುವುದು ಗಂಡನ ದೇಶ ಒಕ್ಕೂಟ ಬಿಡುವಾಗ ಮಾಡಿಕೊಂಡ ಒಪ್ಪಂದದಿಂದ. ಕ್ರಿಸ್‌ಮಸ್ ರಜೆಯಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಮದುವೆಯ ದಾಖಲೆ, ಸಂಬಳದ ಚೀಟಿ, ಬಾಡಿಗೆ ಕರಾರು ಎಲ್ಲ ಸ್ಕ್ಯಾನ್ ಮಾಡಿ ಇಪ್ಪತ್ತೆಂಟರಂದು ಕಳಿಸಿದೆ. ತಲುಪಿತು ಎಂಬ ಉತ್ತರ ಬರುವವರೆಗೆ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ.

ಉಳಿದದ್ದು ಊರಿನ ಪ್ರಶ್ನೆ. ವಲಸೆ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ತುಂಬ ಸೌಮ್ಯವಾಗಿ ಮಾತಾಡಿದಳು.

‘ನೀನು ಹೋಗುವುದನ್ನು ಯಾರೂ ತಡೆಯುವುದಿಲ್ಲ. ಆದರೆ ಹೊಸ ಕಾರ್ಡ್ ಇಲ್ಲದೆ ನಿನ್ನನ್ನು ವಾಪಸ್ ಬಿಡುತ್ತಾರೆ ಎಂದು ನಾನು ಭರವಸೆ ಕೊಡಲಾರೆ.’

ಇರ್ಫಾನರ ಬಳಿ ಕಾರ್ಡಿತ್ತು. ಜೋಯಾಳ ಬ್ರಿಟಿಷ್ ಪಾಸ್‌ಪೋರ್ಟಿಗೆ ಇಲ್ಲಿಗೆ ಬರಲು ವೀಸಾ ಬೇಡ. ಭಾರತಕ್ಕೆ ಹೋಗುವ ಪರವಾನಗಿಯೂ ಇಬ್ಬರಿಗೂ ಇತ್ತು. ಬ್ಯಾಡಗಿಯ ಮದುವೆಗೆ ಹೋಗಿ ಬರಲು ಆಗದವಳು ಬ್ಯಾಡಗಿಯಲ್ಲಿ ಹುಟ್ಟಿದವಳೊಬ್ಬಳೇ. ಇವರೂ ಹೋಗುವುದಿಲ್ಲವೆಂದರು. ಅಪ್ಪ ಮಗಳಿಬ್ಬರನ್ನೂ ನಾನೇ ಬೈದು ಕಳಿಸಿದೆ. ನಮ್ಮ ಕಡೆಯಿಂದ ಯಾರೂ ಇಲ್ಲದಿದ್ದರೆ ಅಬ್ಬಾ ಹೇಗೆ ತಲೆಯೆತ್ತಿಕೊಂಡು ಓಡಾಡುತ್ತಾರೆ? ನಸ್ರೀನ್ ಮಾತ್ರ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

‘ಆಪಾ, ಕಾರ್ಡ್ ದೊಡ್ಡದಾತೇನು ನಿನಗ?’

‘ಇಲ್ಲವಾ. ತಿರುಗಿ ಬರಾಕ ಆಗಲಿಲ್ಲಂದ್ರ ಜೋಯಾ ಇಲ್ಲಿ ನನ್ನ ಬಿಟ್ಟು ಇರಬೇಕಾಗತೈತಿ.’

ಅವಳು ಫೋನಿಟ್ಟಳು. ನಿಕಾಹ್ ದಿನ ನಾನು ದಾಗಿಸ್‌ನಲ್ಲಿ ಹನ್ನೆರಡು ಮಕ್ಕಳಿಗೆ ಹಿಮದ ಉಡುಪು ತೊಡಿಸಿ ಅಂಗಳಕ್ಕೆ ಬಿಟ್ಟು, ಬೇಲಿಯ ಪಕ್ಕ ನಿಂತು ಅತ್ತೆ. ಅನ್ನಿಕಾ ಬಂದು ಪಕ್ಕದಲ್ಲಿ ನಿಂತಳು. ನನ್ನ ಪಾಲಿನ ಮಕ್ಕಳ ಮೇಲೂ ತಾನೇ ಕಣ್ಣಿಟ್ಟಳು. ಸಾರು ಕಳಿಸದ ಈ ಊರಿನಲ್ಲಿ ಇದೂ ಒಂದು ರೀತಿಯ ಸಾರೇ ಇರಬಹುದು ಎಂದು ನನಗೆ ಅಂದು ಅನಿಸಿತು.

ಮಾರ್ಚಿನಲ್ಲಿ ಎರಡು ಲಕೋಟೆ ಬಂದವು, ಒಂದು ಜೋಯಾಳದು, ಒಂದು ನನ್ನದು. ಎರಡೂ ಮಂಜೂರು. ಇರ್ಫಾನ್ ನೆಲದ ಮೇಲೆಯೇ ಕೂತು ನಕ್ಕರು, ಅತ್ತರು. ಮರುವಾರವೇ ಸ್ವೀಡಿಶ್ ಪೌರತ್ವದ ಅರ್ಜಿ ತೆಗೆದರು. ಮಗಳ ಹೆಸರನ್ನು ಈ ಅರ್ಜಿಯಲ್ಲಿ ಅಪ್ಪನ ಜೊತೆಗೇ ಸೇರಿಸಬಹುದಂತೆ. ಅದನ್ನು ನಂಬದೆ ಮೂರು ಸಲ ಓದಿ, ನನ್ನಿಂದಲೂ ಓದಿಸಿದರು. ಬ್ರಿಟಿಷ್ ಪಾಸ್‌ಪೋರ್ಟ್ ಬಿಡಬೇಕಿಲ್ಲ, ಅವರಿಬ್ಬರಿಗೆ ಎರಡೂ ಇರುತ್ತವೆ.

ನನಗೆ ಹಾಗಿಲ್ಲ. ಸ್ವೀಡನ್ನಿನವಳಾದ ದಿನ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ ಅಬ್ಬಾನ ಮನೆಗೆ ಹೋಗಲು ನನಗೂ ಪರವಾನಗಿ ಬೇಕು. ಅರ್ಜಿ ಹಾಕದೆ ಬಿಟ್ಟರೆ, ನಾನು ಇಲ್ಲಿ ಇನ್ನೊಬ್ಬರ ದೇಶದ ಒಪ್ಪಂದದ ಮೇಲೆ ನಿಂತವಳು. ಜೋಯಾಳ ಪ್ರಶ್ನೆ ನೆನಪಾದಾಗಲೆಲ್ಲ ಇವತ್ತೇ ಹಾಕಿಬಿಡೋಣ ಅನಿಸುತ್ತದೆ. ನಸ್ರೀನಳ ಮಾತು ನೆನಪಾದಾಗ ಕೈ ಬರುವುದಿಲ್ಲ.

‘ನಿಂದು ನೀನೇ ನೋಡು’ ಎಂದು ಇರ್ಫಾನ್ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಎದ್ದುಹೋದರು. ಹೆಸರು, ಹುಟ್ಟಿದ ಊರು ತುಂಬಿ ನಾನು ನಿಲ್ಲಿಸಿದ್ದೇನೆ. ಇವರು ಕೇಳುವುದಿಲ್ಲ, ಮೈಮೇಲೆ ಬಿದ್ದು ಹೇಳುವುದೂ ಇಲ್ಲ. ಈ ಸಲ ಇವರೇ ನನ್ನ ಅರ್ಜಿ ತುಂಬಿಬಿಟ್ಟಿದ್ದರೆ, ನಾನು ಜಗಳವಾಡಿ ಸುಮ್ಮನಾಗುತ್ತಿದ್ದೆ. ಈಗ ಜಗಳವೆಲ್ಲ ನನ್ನ ಜೊತೆಗೇ.